ಆತಕೂರಿನ ಕಾಳಿಯಿಂದ ಮೂಡಿಗೆರೆಯ ಕಿವಿಯವರೆಗೆ: ಕನ್ನಡ ಬರವಣಿಗೆಯಲ್ಲಿ ನಾಯಿಯೊಡನೆ ಕಾಡಿನ ತಿರುಗಾಟ

ಕನ್ನಡ ಸಾಹಿತ್ಯದಲ್ಲಿ ನಾಯಿಯ ಪ್ರಸ್ತಾಪ ಬಂದಾಗ ಅದನ್ನು ಓದುವ ಎರಡು ಕ್ರಮಗಳು ರೂಢಿಯಲ್ಲಿವೆ. ನಾಯಿಯನ್ನು ಸ್ವಾಮಿನಿಷ್ಠೆಯ ಪ್ರತೀಕವೆಂದು ಕಾಣುವುದು ಒಂದು ಕ್ರಮ. ವಚನಗಳಲ್ಲಿಯೂ ದಾಸರ ಪದಗಳಲ್ಲಿಯೂ ಬರುವಂತೆ ಮನಸ್ಸಿನ ಚಾಪಲ್ಯಕ್ಕೆ, ಎಂಜಲಿನ ಆಸೆಗೆ ಅದನ್ನು ರೂಪಕವಾಗಿ ಕಾಣುವುದು ಇನ್ನೊಂದು. ಒಂದು ಹೊಗಳಿಕೆಯ ಕ್ರಮ, ಮತ್ತೊಂದು ತೆಗಳಿಕೆಯ ಕ್ರಮ. ಮೇಲುನೋಟಕ್ಕೆ ಪರಸ್ಪರ ವಿರುದ್ಧವಾದ ಈ ಎರಡೂ ಓದುಗಳು ಒಂದು ವಿಷಯದಲ್ಲಿ ಸಮಾನವಾಗಿವೆ. ಎರಡರಲ್ಲಿಯೂ ನಾಯಿಯು ಮನುಷ್ಯನ ಗುಣಾವಗುಣಗಳನ್ನು ತೋರುವ ಕನ್ನಡಿಯಾಗಿದೆಯೇ ಹೊರತು ತನ್ನದೇ ಆದ ಅನುಭವಲೋಕವುಳ್ಳ ಜೀವಿಯಾಗಿ ಕಾಣಿಸಿಕೊಳ್ಳುವುದಿಲ್ಲ.

ಆದರೆ ಕನ್ನಡದ ಬರವಣಿಗೆಯಲ್ಲಿ ಈ ಎರಡು ಓದುಗಳಿಗೂ ಸಿಕ್ಕದ ಮೂರನೆಯ ಧಾರೆಯೊಂದಿದೆ. ಮನುಷ್ಯನೂ ನಾಯಿಯೂ ಮನೆಯ ಜಗಲಿಯನ್ನು ಬಿಟ್ಟು ಕಾಡು, ಗುಡ್ಡ, ಹೊಳೆಗಳ ಬಯಲಿಗೆ ಒಟ್ಟಾಗಿ ಹೊರಡುವ ಸಂದರ್ಭಗಳ ಧಾರೆ ಅದು. ಮನೆಯಲ್ಲಿ ನಾಯಿ ಕಾವಲಿನದು. ಅಲ್ಲಿ ಒಡೆಯ-ಆಳಿನ ಸಂಬಂಧ ಸ್ಪಷ್ಟವಾಗಿರುತ್ತದೆ. ಕಾಡಿನ ಅಂಚನ್ನು ದಾಟಿದೊಡನೆ ಆ ಸಂಬಂಧ ಸಡಿಲಗೊಳ್ಳುತ್ತದೆ. ಮುಂದೆ ನಡೆಯುವುದು ನಾಯಿ, ಹಿಂಬಾಲಿಸುವವನು ಮನುಷ್ಯ. ಅಲ್ಲಿ ತಿಳಿವಳಿಕೆ ನಾಯಿಯ ಮೂಗಿನಲ್ಲಿರುತ್ತದೆ; ಮನುಷ್ಯನ ಕಣ್ಣು ಅದರ ಬಾಲದ ಚಲನೆಯನ್ನು ಓದಲು ಕಲಿಯಬೇಕಾಗುತ್ತದೆ. ಈ ಸಡಿಲಿಕೆಯಿಂದ ಹುಟ್ಟುವ ಸಂತೋಷವು ಕನ್ನಡದಲ್ಲಿ ಹೇಗೆ ದಾಖಲಾಗಿದೆ ಎಂಬುದನ್ನು ಆತಕೂರಿನ ಶಾಸನ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹಾಗೂ ಪೂರ್ಣಚಂದ್ರ ತೇಜಸ್ವಿ ಅವರ ಬರಹಗಳನ್ನು ಮುಖ್ಯವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸಂತೋಷಕ್ಕೆ ಬೇಟೆಯು ತಳಹದಿಯಾಗಿತ್ತೆಂಬುದು ಮರೆಯಲಾಗದ ಸಂಗತಿ. ಬೇಟೆ ಇಲ್ಲವಾದ ಮೇಲೆ ಈ ಧಾರೆಯ ಗತಿ ಏನು ಎಂಬ ಪ್ರಶ್ನೆಯನ್ನೂ ಇಲ್ಲಿ ಎದುರಿಸಬೇಕಾಗುತ್ತದೆ.

೧

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವು ಶಕವರ್ಷ ೮೭೨ಕ್ಕೆ, ಎಂದರೆ ಕ್ರಿ.ಶ. ೯೪೯-೫೦ಕ್ಕೆ ಸೇರಿದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧಕ್ಕೆ ಇದು ಮುಖ್ಯ ಆಕರವಾದುದರಿಂದ ಇತಿಹಾಸಕಾರರು ಇದನ್ನು ಬಹಳವಾಗಿ ಬಳಸಿಕೊಂಡಿದ್ದಾರೆ. ಆದರೆ ಕಲ್ಲು ನಿಂತಿರುವುದು ರಾಜರಿಗಾಗಿ ಅಲ್ಲ. ಗಂಗರ ಇಮ್ಮಡಿ ಬೂತುಗನ ಸೇವಕನಾದ ಮಣಲೆರನು ಯುದ್ಧದಲ್ಲಿ ತೋರಿದ ಪರಾಕ್ರಮವನ್ನು ಮೆಚ್ಚಿ ಒಡೆಯನು ಬೇಕಾದುದನ್ನು ಕೇಳೆಂದಾಗ ಆತನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಕೆಳಲೆ ನಾಡಿನ ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಹೋರಾಡಿ ಎರಡೂ ಸತ್ತವು. ಆತಕೂರಿನ ಚಲ್ಲೇಶ್ವರ ದೇಗುಲದ ಎದುರಿಗೆ ಕಲ್ಲನ್ನು ನೆಡಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಲಾಯಿತು. ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಪಾಪದ ಎಚ್ಚರಿಕೆಯೂ ಶಾಸನದಲ್ಲಿದೆ. ಕಲ್ಲಿನ ಮೇಲಿರುವ ಚಿತ್ರ ನಾಯಿ ಮತ್ತು ಹಂದಿಯ ಕಾಳಗದ್ದು.

ಈ ಶಾಸನವನ್ನು ಸ್ವಾಮಿನಿಷ್ಠೆಯ ಉದಾಹರಣೆಯೆಂದು ಓದುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ತಮಿಳುನಾಡಿನ ಎಡತ್ತನೂರಿನ ವೀರಗಲ್ಲಿನ ಜೊತೆಗಿಟ್ಟು ನೋಡಿದರೆ ತಿಳಿಯುತ್ತದೆ. ಪಲ್ಲವ ಮಹೇಂದ್ರವರ್ಮನ ಕಾಲದ, ಏಳನೆಯ ಶತಮಾನದ ಆ ಕಲ್ಲಿನಲ್ಲಿ ಕೋವಿವನ್ ಎಂಬ ನಾಯಿ ತನ್ನ ಒಡೆಯನ ಜೊತೆಗೆ ನಿಂತು ಕಳ್ಳರನ್ನು ಎದುರಿಸಿದ ಸಂಗತಿಯಿದೆ. ಅಲ್ಲಿ ಒಡೆಯನ ರೂಪವೂ ಕಲ್ಲಿನಲ್ಲಿದೆ, ನಾಯಿ ಅವನ ಪಕ್ಕದಲ್ಲಿದೆ. ಅದು ನಿಷ್ಠೆಯ ಸ್ಮಾರಕವೆಂಬುದರಲ್ಲಿ ಅನುಮಾನವಿಲ್ಲ. ಆತಕೂರಿನಲ್ಲಿ ಒಡೆಯನ ಪ್ರಾಣಕ್ಕೆ ಅಪಾಯ ಒದಗಿರಲಿಲ್ಲ. ಕಾಳಿ ಯಾರನ್ನೂ ರಕ್ಷಿಸಲಿಲ್ಲ. ಅದು ತನ್ನ ಕಾಳಗವನ್ನು ತಾನೇ ಕಾದಿತು. ಶಿಲ್ಪದಲ್ಲಿ ಮನುಷ್ಯನಿಗೆ ಸ್ಥಾನವಿಲ್ಲ. ನಾಯಿಗೆ ಸಂದ ಗೌರವವು ಸೇವೆಗೆ ಸಂದ ಕೂಲಿಯಲ್ಲ, ಸಮಾನ ವೀರನಿಗೆ ಸಂದ ಮನ್ನಣೆ.

ಇದರ ಇನ್ನೊಂದು ಮುಖ ಮಣಲೆರನ ಕೋರಿಕೆಯಲ್ಲಿದೆ. ಮಹಾಯುದ್ಧವೊಂದರಲ್ಲಿ ಗೆದ್ದು ಬಂದ ಯೋಧನಿಗೆ ಊರನ್ನೋ ಉಂಬಳಿಯನ್ನೋ ಕೇಳುವ ಅವಕಾಶವಿದ್ದಾಗ ಅವನು ಬೇಟೆಗೆ ಜೊತೆಯಾಗಬಲ್ಲ ಜೀವವನ್ನು ಕೇಳಿದನು. ನಾಯಿಯೊಡನೆ ಗುಡ್ಡ ತಿರುಗುವ ಸಂತೋಷವು ಭೂಮಿಗಿಂತ ದೊಡ್ಡದಾಗಿ ಕಂಡ ಒಂದು ಕ್ಷಣವನ್ನು ಹತ್ತನೆಯ ಶತಮಾನದ ಕನ್ನಡ ಶಾಸನ ಹಿಡಿದಿಟ್ಟಿದೆ. ಆದರೆ ಆ ಸಂತೋಷಕ್ಕೆ ತೆತ್ತ ಬೆಲೆಯೂ ಅದೇ ಕಲ್ಲಿನಲ್ಲಿದೆ. ಬಯಸಿ ಪಡೆದ ನಾಯಿಯನ್ನು ಹಂದಿಯ ಮೇಲೆ ಬಿಟ್ಟದ್ದು ಮನುಷ್ಯರೇ. ಕಾಳಿಯ ಕಲ್ಲು ಅಭಿಮಾನದ ಗುರುತಾಗಿರುವಂತೆ ನಷ್ಟದ ಗುರುತೂ ಆಗಿದೆ.

೨

ಆತಕೂರಿನಲ್ಲಿ ನಾಯಿ ಕೊನೆಯವರೆಗೂ ನಾಯಿಯಾಗಿಯೇ ಉಳಿಯುತ್ತದೆ. ಮಹಾಕಾವ್ಯ ಪರಂಪರೆಯಲ್ಲಿ ಅದಕ್ಕೆ ಈ ಭಾಗ್ಯ ಸುಲಭವಾಗಿ ದೊರೆಯುವುದಿಲ್ಲ. ವ್ಯಾಸಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಧರ್ಮರಾಯನ ಹಿಂದೆ ಹಿಮಾಲಯವನ್ನು ಏರುವ ನಾಯಿ ಭಾರತೀಯ ಸಾಹಿತ್ಯದ ಅತ್ಯಂತ ಪ್ರಸಿದ್ಧ ಸಹಚಾರಿ. ಅದನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂಬ ಧರ್ಮರಾಯನ ನಿಲುವು ಘನವಾದುದು. ಆದರೆ ಕೊನೆಗೆ ಆ ನಾಯಿ ಧರ್ಮದೇವತೆಯಾಗಿ ಬದಲಾಗುತ್ತದೆ. ಅಷ್ಟು ದೂರ ನಡೆದು ಬಂದ ಪ್ರಾಣಿ ಪರೀಕ್ಷೆಯ ಉಪಾಯವಾಗಿ ಕರಗಿಹೋಗುತ್ತದೆ. ಕುಮಾರವ್ಯಾಸನು ತನ್ನ ಭಾರತವನ್ನು ಗದಾಪರ್ವಕ್ಕೇ ಮುಗಿಸಿದುದರಿಂದ ಈ ಪ್ರಯಾಣ ಅವನ ಕೈಗೆ ಬರಲಿಲ್ಲ. ಅದು ಉಳಿದ ಪರ್ವಗಳನ್ನು ಬರೆದ ತಿಮ್ಮಣ್ಣ ಕವಿಯ ಪಾಲಿಗೆ ಬಂದಿತು.

ಆದಿಪರ್ವದ ಏಕಲವ್ಯನ ಪ್ರಸಂಗದಲ್ಲಿರುವ ನಾಯಿಯ ಸ್ಥಿತಿ ಇದಕ್ಕಿಂತ ಭಿನ್ನ. ಪಾಂಡವರ ಬೇಟೆಯ ಬಳಗದೊಡನೆ ಹೊರಟು, ತನ್ನ ಪಾಡಿಗೆ ಅಡವಿಯಲ್ಲಿ ಅಲೆಯುತ್ತ ಹೋದ ಅದು ಏಕಲವ್ಯನನ್ನು ಕಂಡು ಬೊಗಳುತ್ತದೆ. ಬಾಯಿ ತುಂಬ ಬಾಣಗಳನ್ನು ಹೊತ್ತು ಹಿಂದಿರುಗಿದ ಆ ನಾಯಿಯಿಂದಲೇ ರಾಜಕುಮಾರರಿಗೆ ಕಾಡಿನಲ್ಲಿ ತಮಗಿಂತ ಮಿಗಿಲಾದ ಬಿಲ್ಲುಗಾರನಿರುವ ಸುದ್ದಿ ತಿಳಿಯುತ್ತದೆ. ಅರಮನೆಯ ವಿದ್ಯೆ ತಲುಪದ ಸ್ಥಳವನ್ನು ನಾಯಿಯ ಅಲೆದಾಟ ತಲುಪಿತು. ಬಯಲಿನಲ್ಲಿ ನಾಯಿಯು ಮನುಷ್ಯನಿಗೆ ಗೊತ್ತಿಲ್ಲದುದನ್ನು ತಂದುಕೊಡುತ್ತದೆ ಎಂಬ, ಮುಂದೆ ತೇಜಸ್ವಿಯವರಲ್ಲಿ ಬೆಳೆಯುವ, ಎಳೆಯ ಮೂಲವನ್ನು ಇಲ್ಲಿ ಗುರುತಿಸಬಹುದು. ಆ ತಿಳಿವಳಿಕೆಯ ಫಲವನ್ನು ಏಕಲವ್ಯನು ಹೆಬ್ಬೆರಳಿನಿಂದ ತೆರಬೇಕಾಯಿತೆಂಬುದೂ ಗಮನಾರ್ಹ.

ಜನಪದ ಆಚರಣೆಯಲ್ಲಿ ಈ ಸಂಬಂಧ ಮತ್ತೊಂದು ರೂಪವನ್ನು ತಾಳಿದೆ. ಮೈಲಾರಲಿಂಗನ ಪರಂಪರೆಯಲ್ಲಿ ವಗ್ಗಯ್ಯಗಳು ತಾವೇ ದೈವದ ನಾಯಿಗಳೆಂದು ಭಾವಿಸಿ ಬೊಗಳುತ್ತ ನಾಯಿಯಂತೆ ಪ್ರಸಾದವನ್ನು ಸ್ವೀಕರಿಸುತ್ತಾರೆ. ಶಿಷ್ಟ ಸಾಹಿತ್ಯದಲ್ಲಿ ನಿಂದೆಯಾದ ಹೆಸರು ಇಲ್ಲಿ ಪದವಿಯಾಗಿದೆ. ನಾಯಿಯನ್ನು ಮನುಷ್ಯನ ಮಟ್ಟಕ್ಕೆ ಎತ್ತುವುದಕ್ಕೆ ಬದಲು ಮನುಷ್ಯನೇ ಅದರ ಕಡೆಗೆ ನಡೆಯುವ ಈ ದಿಕ್ಕು ಆಧುನಿಕ ಗದ್ಯವನ್ನು ಓದುವಾಗ ನೆನಪಿನಲ್ಲಿರಬೇಕಾದುದು.

೩

ಮಲೆನಾಡಿನ ಬೇಟೆಯ ಬದುಕು ಕುವೆಂಪು ಅವರ ಗದ್ಯದಲ್ಲಿ ‘ಮಲೆನಾಡಿನ ಚಿತ್ರಗಳು’ (೧೯೩೩) ಕೃತಿಯಿಂದಲೇ ಕಾಣಿಸಿಕೊಳ್ಳುತ್ತದೆ. ಆದರೆ ನಾಯಿಯೊಂದು ಕಾದಂಬರಿಯ ಪೂರ್ಣ ಪಾತ್ರವಾಗಿ ಬೆಳೆದದ್ದು ‘ಮಲೆಗಳಲ್ಲಿ ಮದುಮಗಳು’ (೧೯೬೭) ಕೃತಿಯಲ್ಲಿ. ಸಿಂಬಾವಿ ಹೆಗ್ಗಡೆಯವರ ಜೀತದಾಳು ಗುತ್ತಿ ಮತ್ತು ಅವನ ನಾಯಿ ಹುಲಿಯ ಕಾದಂಬರಿಯ ಆರಂಭದ ಪುಟಗಳಲ್ಲಿಯೇ ಕಾಡುದಾರಿಯಲ್ಲಿ ನಡೆಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಓದುಗನಿಗೆ ತೆರೆದುಕೊಳ್ಳುವುದೇ ಈ ಜೋಡಿಯ ನಡಿಗೆಯಿಂದ. ಜಗತ್ತಿನಲ್ಲಿ ಮುಖ್ಯ-ಅಮುಖ್ಯಗಳ ಭೇದವಿಲ್ಲವೆಂಬ ಆಶಯದ ಮಾತುಗಳನ್ನು ತನ್ನ ಬಾಗಿಲಲ್ಲೇ ಇಟ್ಟುಕೊಂಡಿರುವ ಕಾದಂಬರಿಯು ಒಬ್ಬ ಹೊಲೆಯರ ಆಳು ಹಾಗೂ ಒಂದು ನಾಯಿಯಿಂದ ಆರಂಭವಾಗುವುದು ಆಕಸ್ಮಿಕವಲ್ಲ.

ಗುತ್ತಿಗೆ ‘ನಾಯಿಗುತ್ತಿ’ ಎಂಬ ಹೆಸರಿದೆ. ಈ ಹೆಸರಿನಲ್ಲಿ ಎರಡು ದನಿಗಳಿವೆ. ಮೇಲುಜಾತಿಯವರ ಬಾಯಲ್ಲಿ ಅದು ಹಗುರವಾದ ಕರೆ. ಆದರೆ ಅದೇ ಹೆಸರು ಅವನನ್ನು ಉಳಿದ ಆಳುಗಳಿಂದ ಬೇರ್ಪಡಿಸಿ ಅವನಿಗೊಂದು ವಿಶಿಷ್ಟತೆಯನ್ನೂ ಕೊಟ್ಟಿದೆ. ಜೀತದಾಳಿಗೆ ಭೂಮಿಯಿಲ್ಲ, ಅವನ ದುಡಿಮೆಯ ಮೇಲೂ ಅವನಿಗೆ ಹಕ್ಕಿಲ್ಲ. ಅವನದೆಂದು ಹೇಳಬಹುದಾದ ಜೀವ ಹುಲಿಯ ಒಂದೇ. ಹುಲಿಯೊಡನೆ ಹೋಲಿಸಿ ಇಟ್ಟ ಆ ಹೆಸರಿನಲ್ಲಿ ಆಳಿನ ಹೆಮ್ಮೆ ಅಡಗಿದೆ. ಹೆಗ್ಗಡೆಯವರ ಅಂಗಳದಲ್ಲಿ ತಲೆತಗ್ಗಿಸಿ ನಿಲ್ಲಬೇಕಾದ ಗುತ್ತಿ ಕಾಡುದಾರಿಗೆ ಬಂದೊಡನೆ ಬೇರೆಯೇ ಮನುಷ್ಯನಾಗುತ್ತಾನೆ. ಅಲ್ಲಿ ಅವನಿಗೆ ದಾರಿ ಗೊತ್ತಿದೆ, ಮರಗಳ ಗುರುತಿದೆ, ಪಕ್ಕದಲ್ಲಿ ಅವನ ಜಾತಿಯನ್ನು ಕೇಳದ ಸಂಗಾತಿಯಿದೆ. ಮಣಲೆರನಿಗೆ ನಾಯಿ ಗೆಲುವಿನ ಬಹುಮಾನವಾಗಿತ್ತು. ಗುತ್ತಿಗೆ ಅದು ಇರುವ ಏಕೈಕ ಸ್ವಾತಂತ್ರ್ಯದ ಜೊತೆಗಾರ. ತಿಮ್ಮಿಯನ್ನು ಕರೆದುಕೊಂಡು ಓಡಿಹೋಗುವ ಅವನ ಸಾಹಸವೂ ಈ ಸ್ವಾತಂತ್ರ್ಯದ ವಿಸ್ತರಣೆಯೇ ಆಗಿದೆ.

ಕನ್ನಡದ ವ್ಯಾಕರಣವು ಇಲ್ಲಿ ಒಂದು ಸೂಕ್ಷ್ಮವನ್ನು ಒದಗಿಸುತ್ತದೆ. ಕನ್ನಡದಲ್ಲಿ ಲಿಂಗ ವಿವಕ್ಷೆ ಅರ್ಥವನ್ನು ಅನುಸರಿಸುವುದರಿಂದ ಪ್ರಾಣಿವಾಚಕಗಳು ಸಾಮಾನ್ಯವಾಗಿ ನಪುಂಸಕಲಿಂಗದಲ್ಲಿ ನಿಲ್ಲುತ್ತವೆ. ನಾಯಿ ‘ಬಂತು’ ಎನ್ನುತ್ತೇವೆಯೇ ಹೊರತು ‘ಬಂದ’ ಎನ್ನುವುದಿಲ್ಲ. ಆದರೆ ‘ಹುಲಿಯ’ ಎಂಬ ಹೆಸರು ತಿಮ್ಮ, ಬೈರ, ಐತ ಎಂಬ ಹೆಸರುಗಳ ಸಾಲಿನಲ್ಲಿ ಕೂರುವ ಪುಲ್ಲಿಂಗ ರೂಪದ್ದು. ಹೆಸರು ಮನುಷ್ಯರ ಪಂಕ್ತಿಗೆ ಕರೆಯುತ್ತದೆ, ಕ್ರಿಯಾಪದ ಪ್ರಾಣಿಗಳ ಪಂಕ್ತಿಗೆ ಎಳೆಯುತ್ತದೆ. ಮನೆಮಾತಿನಲ್ಲಿ ಮುದ್ದಿನ ನಾಯಿಯನ್ನು ಕುರಿತು ‘ಬಂದ, ಹೋದ’ ಎನ್ನುವವರು ಇಂದಿಗೂ ಇದ್ದಾರೆ. ಅಕ್ಕರೆಯ ಒತ್ತಡಕ್ಕೆ ವ್ಯಾಕರಣ ಮಣಿಯುವ ಈ ಎಡೆಯಲ್ಲಿಯೇ ನಾಯಿಯನ್ನು ಕುರಿತ ಕಥನಗಳ ಭಾವಲೋಕ ನೆಲೆಗೊಂಡಿದೆ.

ಕಾದಂಬರಿಯ ಕೊನೆಯ ಭಾಗದಲ್ಲಿ ಮಳೆಗಾಲದ ತುಂಬುಹೊಳೆಯನ್ನು ದಾಟುವ ಪ್ರಸಂಗದಲ್ಲಿ ಹುಲಿಯ ಪ್ರವಾಹದ ಪಾಲಾಗುತ್ತದೆ. ಇಷ್ಟು ದೊಡ್ಡ ಕಾದಂಬರಿಯ ಮುಕ್ತಾಯದ ದುಃಖವನ್ನು ನಾಯಿಯ ಸಾವಿನ ಮೇಲೆ ನಿಲ್ಲಿಸುವ ಧೈರ್ಯ ಅಸಾಧಾರಣವಾದುದು. ಇದನ್ನು ನಿಷ್ಠೆಯ ಬಲಿದಾನವೆಂದು ಓದಿದರೆ ಅರ್ಥ ಸಂಕುಚಿತವಾಗುತ್ತದೆ. ಹುಲಿಯನ ಸಾವು ಯಾರ ಉಳಿವಿಗೂ ಕಾರಣವಾಗುವುದಿಲ್ಲ. ಅದರಿಂದ ನೀತಿಯೂ ಹೊರಡುವುದಿಲ್ಲ. ಧರ್ಮರಾಯನ ನಾಯಿಯಂತೆ ಅದು ದೇವತೆಯಾಗಿ ಮೇಲೇಳುವುದಿಲ್ಲ. ಕಾಳಿಯಂತೆ ಅದಕ್ಕೊಂದು ಕಲ್ಲು ನೆಡುವ ಸಾಮರ್ಥ್ಯ ಗುತ್ತಿಗಿಲ್ಲ. ಉಳಿಯುವುದು ಒಬ್ಬ ಬಡವನ ಅಳು. ಆ ಅಳುವಿಗೆ ರಾಜರ ಅಳುವಿನಷ್ಟೇ ಸ್ಥಳ ಕೊಟ್ಟಿರುವುದರಿಂದ ಕಾದಂಬರಿಯ ಆಶಯದ ಮಾತು ಇಲ್ಲಿ ಸತ್ವಪರೀಕ್ಷೆಯನ್ನು ಗೆಲ್ಲುತ್ತದೆ. ವೀರಗಲ್ಲಿನ ಕೆಲಸವನ್ನು ಕಾದಂಬರಿಯೇ ಮಾಡಿದೆ.

೪

ಹುಲಿಯನನ್ನು ಸೃಷ್ಟಿಸಿದ ಲೇಖಕರ ಮಗನ ಬರವಣಿಗೆಯಲ್ಲಿ ಕಿವಿ ಎಂಬ ನಾಯಿ ಪ್ರಸಿದ್ಧವಾಯಿತು. ಪೂರ್ಣಚಂದ್ರ ತೇಜಸ್ವಿ (೧೯೩೮-೨೦೦೭) ಅವರ ‘ಕರ್ವಾಲೊ’ (೧೯೮೦) ಕಾದಂಬರಿಯಲ್ಲಿ ಮಂದಣ್ಣ, ಪ್ರಭಾಕರ, ಬಿರಿಯಾನಿ ಕರಿಯಪ್ಪ ಮೊದಲಾದವರ ಬಳಗದಲ್ಲಿ ಕಥಾನಿರೂಪಕನ ನಾಯಿ ಕಿವಿಗೂ ಸ್ಥಾನವಿದೆ. ‘ಪರಿಸರದ ಕತೆ’ (೧೯೯೧) ಬರಹಗಳಲ್ಲಿ ಅದು ಮೂಡಿಗೆರೆಯ ಸುತ್ತಲಿನ ಕಾಡು-ತೋಟಗಳ ತಿರುಗಾಟದ ಖಾಯಂ ಜೊತೆಗಾರ.

ಕುವೆಂಪು ಅವರಿಂದ ತೇಜಸ್ವಿಯವರಿಗೆ ಬರುವಾಗ ಆಗುವ ಮುಖ್ಯ ಪಲ್ಲಟ ಧ್ವನಿಯದು. ಹುಲಿಯನ ಸುತ್ತ ಕರುಣೆಯ ವಲಯವಿದೆ. ಕಿವಿಯ ಸುತ್ತ ಹಾಸ್ಯದ ವಲಯವಿದೆ. ಈ ಹಾಸ್ಯದಲ್ಲಿ ನಾಯಿ ನಗೆಪಾಟಲಾಗುವುದಕ್ಕಿಂತ ಹೆಚ್ಚಾಗಿ ಅದರ ಮೇಲೆ ತನಗೆ ಹತೋಟಿಯಿದೆಯೆಂದು ನಂಬಿದ ಮನುಷ್ಯ ನಗೆಪಾಟಲಾಗುತ್ತಾನೆ. ಕಿವಿಗೆ ಅದರದೇ ಆಸಕ್ತಿಗಳಿವೆ, ಉತ್ಸಾಹಗಳಿವೆ, ಹಟವಿದೆ. ಒಡೆಯನ ಯೋಜನೆಯೊಡನೆ ಅವು ಹೊಂದಬೇಕಾಗಿಲ್ಲ. ವಿಧೇಯತೆಯ ಪಾಠವಾಗಿ ಓದಿದರೆ ಕಿವಿ ಅಷ್ಟೇನೂ ಒಳ್ಳೆಯ ನಾಯಿಯಲ್ಲ. ಆದರೆ ಆ ಅವಿಧೇಯತೆಯಿಂದಲೇ ಅದು ನಾಯಿಯಾಗಿ ಜೀವಂತವಾಗಿದೆ.

ಎರಡನೆಯ ಪಲ್ಲಟ ತಿಳಿವಳಿಕೆಯದು. ಪ್ರತಿಯೊಂದು ಪ್ರಾಣಿಯೂ ತನ್ನ ಇಂದ್ರಿಯಗಳು ಕಟ್ಟಿಕೊಟ್ಟ ತನ್ನದೇ ಪರಿಸರಲೋಕದಲ್ಲಿ ಬದುಕುತ್ತದೆ ಎಂಬ ವಿಚಾರವನ್ನು ಜೀವವಿಜ್ಞಾನಿ ಯಾಕೋಬ್ ಫಾನ್ ಯುಕ್ಸ್‌ಕ್ಯುಲ್ (೧೮೬೪-೧೯೪೪) ಪ್ರತಿಪಾದಿಸಿದ್ದರು. ನಾಯಿಯ ಘ್ರಾಣಶಕ್ತಿ ಮನುಷ್ಯನದಕ್ಕಿಂತ ಹಲವು ಪಟ್ಟು ಹೆಚ್ಚು. ಮನುಷ್ಯನಿಗೆ ಖಾಲಿಯಾಗಿ ಕಾಣುವ ಪೊದೆಯಲ್ಲಿ ಅದಕ್ಕೆ ಸ್ವಲ್ಪ ಮುಂಚೆ ಹಾದುಹೋದ ಮೊಲವಿದೆ, ರಾತ್ರಿ ಮಲಗಿದ್ದ ಹಂದಿಯಿದೆ, ಬೇರೊಂದು ನಾಯಿಯ ಗುರುತಿದೆ. ಕಣ್ಣಿಗೆ ಎದುರಿಗಿರುವುದು ಮಾತ್ರ ಕಾಣುತ್ತದೆ. ಮೂಗಿಗೆ ಕಳೆದುಹೋದುದೂ ದೊರೆಯುತ್ತದೆ. ನಾಯಿಯೊಡನೆ ಕಾಡು ತಿರುಗುವವನು ತನಗೆ ಪ್ರವೇಶವಿಲ್ಲದ ಒಂದು ಲೋಕದ ಹೊಸ್ತಿಲಲ್ಲಿ ನಿಂತು ಅದರ ಸುಳಿವುಗಳನ್ನು ಪಡೆಯುತ್ತಿರುತ್ತಾನೆ. ತೇಜಸ್ವಿಯವರ ಪರಿಸರ ಬರಹಗಳ ಮೂಲಭಾವವಾದ ವಿಸ್ಮಯವು ಇಂತಹ ಹೊಸ್ತಿಲಿನ ಅನುಭವ. ‘ಕರ್ವಾಲೊ’ದ ಕೊನೆಯಲ್ಲಿ ಹಾರುವ ಓತಿ ಕೈಗೆ ಸಿಕ್ಕದೆ ಕಣಿವೆಯ ಅನಂತಕ್ಕೆ ತೇಲಿಹೋಗುವಾಗ ಮನುಷ್ಯನ ತಿಳಿವಳಿಕೆಗೆ ಎದುರಾಗುವ ಮಿತಿಯೇ, ದಿನನಿತ್ಯದ ಸಣ್ಣ ಪ್ರಮಾಣದಲ್ಲಿ, ಕಿವಿ ಪೊದೆಗೆ ಮೂಗು ತೂರಿಸಿದಾಗಲೂ ಎದುರಾಗುತ್ತದೆ.

ಇಲ್ಲಿ ಜಿಮ್ ಕಾರ್ಬೆಟ್ ಅವರೊಡನೆ ಹೋಲಿಕೆ ಪ್ರಯೋಜನಕಾರಿ. ರುದ್ರಪ್ರಯಾಗದ ನರಭಕ್ಷಕನನ್ನು ಕುರಿತ ಅವರ ಕೃತಿಯನ್ನು ತೇಜಸ್ವಿಯವರೇ ಕನ್ನಡಕ್ಕೆ ತಂದಿದ್ದಾರೆ. ‘ಕುಮಾವೂನಿನ ನರಭಕ್ಷಕರು’ (೧೯೪೪) ಎಂಬ ಕಾರ್ಬೆಟ್‌ರ ಪುಸ್ತಕದಲ್ಲಿ ಅವರ ಸ್ಪ್ಯಾನಿಯಲ್ ನಾಯಿ ರಾಬಿನ್‌ಗೆ ಒಂದು ಇಡೀ ಅಧ್ಯಾಯ ಮೀಸಲಾಗಿದೆ. ಅಲ್ಲಿಯೂ ನಾಯಿಯ ಮೂಗು ದಾರಿ ತೋರಿಸುತ್ತದೆ, ಬೇಟೆಗಾರ ಹಿಂಬಾಲಿಸುತ್ತಾನೆ. ಆದರೆ ರಾಬಿನ್ ತನ್ನ ಕಸುಬನ್ನು ಬಲ್ಲ ನುರಿತ ಸಹೋದ್ಯೋಗಿ. ಬೇಟೆಯ ಉದ್ದೇಶದಲ್ಲಿ ಇಬ್ಬರ ಗುರಿಯೂ ಒಂದೇ. ಕಿವಿಯ ತಿರುಗಾಟದಲ್ಲಿ ಗುರಿ ಮತ್ತೆ ಮತ್ತೆ ತಪ್ಪುತ್ತದೆ, ತಪ್ಪಿದ ದಾರಿಯಲ್ಲಿ ಬೇರೇನೋ ದೊರೆಯುತ್ತದೆ. ಬೇಟೆಯ ಕಥನವು ಪರಿಸರದ ಕಥನವಾಗಿ ಹೊರಳುವುದು ಈ ಗುರಿತಪ್ಪುವಿಕೆಯಲ್ಲಿ.

೫

ಈ ಹೊರಳಿಕೆಗೆ ಸಾಹಿತ್ಯದ ಹೊರಗಿನ ಕಾರಣಗಳೂ ಇವೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಕಾಯಿದೆಯ ದೃಷ್ಟಿಯಲ್ಲಿ ಬೇಟೆಯೆಂದರೆ ಕೊಲ್ಲುವುದಷ್ಟೇ ಅಲ್ಲ. ಪ್ರಾಣಿಗಳನ್ನು ಹಿಡಿಯುವುದು, ಅಟ್ಟುವುದು, ಉರುಲೊಡ್ಡುವುದು ಎಲ್ಲವೂ ಅದರಲ್ಲಿ ಸೇರುತ್ತವೆ. ತೇಜಸ್ವಿಯವರೂ ಕೋವಿಯ ಲೋಕದಿಂದ ಕ್ಯಾಮೆರಾದ ಲೋಕಕ್ಕೆ ನಡೆದರು. ಅವರ ಹಕ್ಕಿಗಳ ಛಾಯಾಚಿತ್ರಗಳು ಆ ನಡಿಗೆಯ ಫಲ. ಈ ಬದಲಾವಣೆಯನ್ನು ಹಿಂಸೆಯಿಂದ ಅಹಿಂಸೆಗೆ ಆದ ಪ್ರಗತಿಯೆಂದು ವಿವರಿಸುವುದು ವಾಡಿಕೆ. ಅದು ಸರಿಯಾದ ವಿವರಣೆಯೇ. ಆದರೆ ನಾಯಿಯ ಕಡೆಯಿಂದ ನೋಡಿದಾಗ ಇದೇ ಬದಲಾವಣೆಗೆ ಇನ್ನೊಂದು ಮುಖವಿದೆ. ಕೋವಿ ಹಿಡಿದವನಿಗೆ ನಾಯಿ ಬೇಕು. ಹಕ್ಕಿಯ ಎದುರು ಗಂಟೆಗಟ್ಟಲೆ ಅಲುಗಾಡದೆ ಕೂರಬೇಕಾದ ಛಾಯಾಗ್ರಾಹಕನಿಗೆ ಅದರ ಉತ್ಸಾಹವೇ ಅಡ್ಡಿ. ಬೇಟೆಯಲ್ಲಿ ಮನುಷ್ಯನಿಗೂ ನಾಯಿಗೂ ಒಂದು ಸಮಾನ ಆಸೆಯಿತ್ತು. ನೋಡುವುದರಲ್ಲಿಯೇ ತೃಪ್ತಿ ಪಡೆಯುವ ಹವ್ಯಾಸದಲ್ಲಿ ಆ ಸಮಾನತೆ ಮುರಿಯುತ್ತದೆ. ಕಾಡಿನ ಬಗ್ಗೆ ಮನುಷ್ಯನ ವಿವೇಕ ಹೆಚ್ಚಿದಂತೆ ಅವನ ಅತ್ಯಂತ ಹಳೆಯ ಜೊತೆಗಾರನಿಗೆ ಅಲ್ಲಿ ಕೆಲಸವಿಲ್ಲದಂತಾಯಿತು.

ಕಾಡಿನ ಕಡೆಯಿಂದಲೂ ಆಕ್ಷೇಪವಿದೆ. ೧೯೯೪ರಲ್ಲಿ ತಾಂಜಾನಿಯಾದ ಸೆರೆಂಗೆಟಿಯಲ್ಲಿ ನಾಯಿಗಳ ಡಿಸ್ಟೆಂಪರ್ ರೋಗ ಹರಡಿ ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ನಾಶವಾಯಿತು. ೨೦೧೮ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಸತ್ತ ಸಿಂಹಗಳಲ್ಲಿಯೂ ಅದೇ ರೋಗದ ವೈರಾಣು ಪತ್ತೆಯಾಯಿತು. ಪಶ್ಚಿಮಘಟ್ಟದ ಕಾಡುಗಳಲ್ಲಿ ಸೀಳುನಾಯಿ, ಚಿರತೆಗಳಂತಹ ಪ್ರಾಣಿಗಳಿರುವಾಗ ಅಂಕೆಯಿಲ್ಲದೆ ಓಡಾಡುವ ನಾಯಿಯನ್ನು ಇಂದು ನಿರಪಾಯಕಾರಿ ಎನ್ನುವಂತಿಲ್ಲ. ಹುಲಿಯನ ಅಥವಾ ಕಿವಿಯ ಕಾಲದ ಸ್ವಚ್ಛಂದ ತಿರುಗಾಟವನ್ನು ಹಂಬಲಿಸುವ ಓದುಗನು ಈ ಸಂಗತಿಯನ್ನು ಬದಿಗಿಡಲಾಗದು.

ಹೀಗಿರುವಾಗ ಈ ಪಠ್ಯಗಳನ್ನು ಇಂದು ಓದುವ ಬಗೆ ಯಾವುದು? ಗತವೈಭವದ ಹಳಹಳಿಕೆಯಾಗಿ ಓದಿದರೆ ಅವುಗಳಲ್ಲಿರುವ ರಕ್ತದ ಕಲೆ ಕಾಣದೆ ಹೋಗುತ್ತದೆ. ಬೇಟೆಯ ಕಾರಣಕ್ಕೆ ಅವನ್ನು ಮುಜುಗರದಿಂದ ದೂರವಿಟ್ಟರೆ ಅವು ಕಂಡುಕೊಂಡ ದೊಡ್ಡ ಸತ್ಯ ಕೈತಪ್ಪುತ್ತದೆ. ಮನುಷ್ಯ ಪ್ರಧಾನನಲ್ಲದ ಸ್ಥಳವೊಂದರಲ್ಲಿ ಮತ್ತೊಂದು ಜೀವದ ಹಿಂದೆ ನಡೆಯುವುದರಲ್ಲಿ ಸಂತೋಷವಿದೆ ಎಂಬುದೇ ಆ ಸತ್ಯ. ಈ ಸಂತೋಷಕ್ಕೆ ಬೇಟೆ ಐತಿಹಾಸಿಕವಾದ ಆಧಾರವಾಗಿತ್ತು ನಿಜ, ಆದರೆ ಅದು ಅನಿವಾರ್ಯವಾದ ಆಧಾರವಲ್ಲ. ಕಿವಿಯ ಗುರಿತಪ್ಪಿದ ಅಲೆದಾಟಗಳು ಬೇಟೆಯ ಒಳಗಿದ್ದುಕೊಂಡೇ ಇದನ್ನು ತೋರಿಸಿಕೊಟ್ಟಿವೆ.

ನಗರಗಳಲ್ಲಿ ಇಂದು ನಾಯಿಯನ್ನು ಸಾಕುವವರು ಹೆಚ್ಚುತ್ತಿದ್ದಾರೆ. ರಜೆಯ ದಿನಗಳಲ್ಲಿ ಅದನ್ನು ಕಾರಿನಲ್ಲಿ ಕೂರಿಸಿಕೊಂಡು ಕೆರೆ, ಬೆಟ್ಟಗಳ ಕಡೆ ಹೊರಡುವುದೂ ಇದೆ. ಕನ್ನಡದಲ್ಲಿ ಈ ಅನುಭವಕ್ಕೆ ತಕ್ಕ ಗದ್ಯ ಇನ್ನೂ ಸಮೃದ್ಧವಾಗಿ ಬೆಳೆದಿಲ್ಲ. ಬೆಳೆಯಬೇಕಾದರೆ ಅದು ಮುದ್ದಿನ ಮಾತಿನಲ್ಲಿ ನಿಲ್ಲುವಂತಿಲ್ಲ. ಕೊರಳಿಗೆ ಹಗ್ಗ ಕಟ್ಟಿಸಿಕೊಂಡ ನಾಯಿ ದಾರಿಯ ಬದಿಯ ಹುಲ್ಲಿಗೆ ಮೂಗಿಟ್ಟು ನಿಂತಾಗ, ಹಗ್ಗದ ಇನ್ನೊಂದು ತುದಿಯಲ್ಲಿರುವವನು ಜಗ್ಗಿ ಎಳೆಯುತ್ತಾನೋ ಕಾಯುತ್ತಾನೋ ಎಂಬುದರಲ್ಲಿ ಹೊಸ ಕಥನದ ನೈತಿಕತೆ ಅಡಗಿದೆ. ಆತಕೂರಿನ ಶಿಲ್ಪಿ ತನ್ನ ಕಲ್ಲಿನಲ್ಲಿ ನಾಯಿಗೆ ಎಡೆ ಬಿಟ್ಟು ಮನುಷ್ಯನನ್ನು ಹಿಂದೆ ಸರಿಸಿದ್ದನು. ಕುವೆಂಪು ಆ ಎಡೆಯನ್ನು ಒಬ್ಬ ಜೀತದಾಳಿನ ದುಃಖಕ್ಕೂ ವಿಸ್ತರಿಸಿದರು. ತೇಜಸ್ವಿಯವರು ಅಲ್ಲಿ ನಗೆಯನ್ನೂ ಬೆರಗನ್ನೂ ತುಂಬಿದರು. ಕೊಲ್ಲುವ ಹಂಗಿಲ್ಲದೆ, ಕಾಡಿಗೆ ಕೇಡಾಗದೆ ಆ ಎಡೆಯನ್ನು ಉಳಿಸಿಕೊಳ್ಳುವ ಬಗೆಯನ್ನು ಕಂಡುಕೊಳ್ಳುವುದು ಮುಂದಿನ ಬರವಣಿಗೆಯ ಹೊಣೆ.